ಏಳನೆಯ ಪುಸ್ತಕ ಯಾರಿಗೆ

ಡಿಸೆಂಬರ್ ಬಂತೆಂದರೆ ಭೋಜರಾಜನಿಗೆ ಊಟ ಸೇರುತ್ತಿರಲಿಲ್ಲ. ಉಪ್ಪುಂದದ ಶಾಖಾ ಗ್ರಂಥಾಲಯದಲ್ಲಿ ಇದ್ದವನು ಅವನೊಬ್ಬನೇ. ಬೀಗ ತೆಗೆಯುವುದು, ಗುಡಿಸುವುದು, ಪುಸ್ತಕ ಕೊಡುವುದು, ಹರಿದದ್ದಕ್ಕೆ ಮೈದಾ ಅಂಟು ಹಚ್ಚುವುದು ಎಲ್ಲವೂ ಅವನದೇ. ಆದರೆ ವರ್ಷದ ಕೊನೆಯ ಕೆಲಸ ಒಂದಿತ್ತು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ತಾನಾಗಿಯೇ ತಲೆಗೆ ಕಟ್ಟಿಕೊಂಡದ್ದು. ಮುಂದಿನ ವರ್ಷ ಊರಿನವರು ಓದಬೇಕಾದ ಹತ್ತು ಪುಸ್ತಕಗಳ ಪಟ್ಟಿ ಬರೆದು ಬಾಗಿಲ ಪಕ್ಕದ ಗೋಡೆಗೆ ಹಚ್ಚುವುದು.

1960ರಲ್ಲಿ ಮೊದಲ ಪಟ್ಟಿ ಹಚ್ಚಿದಾಗ ಅದರಲ್ಲಿ ಬರೀ ಹೆಸರುಗಳಿದ್ದವು. ಯಾರೂ ನಿಂತು ನೋಡಲಿಲ್ಲ. ಮರುವರ್ಷ ಅವನು ಪ್ರತಿ ಪುಸ್ತಕದ ಎದುರು ಅದು ಯಾರಿಗೆ ಎಂದೂ ಬರೆದ. 'ಮಗಳ ಮದುವೆ ಮಾಡಿ ಸುಸ್ತಾದವರಿಗೆ', 'ಕೋರ್ಟಿಗೆ ಅಲೆಯುವವರಿಗೆ', 'ನಗದೆ ತುಂಬಾ ದಿನ ಆದವರಿಗೆ'. ಅಂದಿನಿಂದ ಪಟ್ಟಿಯ ಮುಂದೆ ಜನ. ಪುಸ್ತಕ ಸಾಲದಾದಾಗ ಗ್ರಂಥಾಲಯದ ಬೇರೆ ಸಾಮಾನುಗಳನ್ನೂ ಸೇರಿಸಿದ. ಕಣ್ಣು ಮಂಜಾದವರಿಗೆ ಬ್ಯಾಟರಿ ರೇಡಿಯೋದ ಸಂಜೆಯ ವಾರ್ತೆ. ಬೊಂಬಾಯಿಯಲ್ಲಿ ಜನ ಇದ್ದವರಿಗೆ ಗೋಡೆಯ ಭೂಪಟ. ಅಕ್ಷರ ಬಾರದ ಹೆಂಗಸರೂ ಮೀನು ಮಾರಿ ಹೋಗುವಾಗ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಬಂದು ಬೊಂಬಾಯಿಯನ್ನು ಮುಟ್ಟಿ ನೋಡಿ ಹೋಗತೊಡಗಿದರು. ಆರು ತಿಂಗಳಲ್ಲಿ ಆ ಜಾಗ ಕಪ್ಪಾಗಿ, ಬೊಂಬಾಯಿ ಎಲ್ಲಿ ಎಂದು ಹುಡುಕುವ ಅಗತ್ಯವೇ ಉಳಿಯಲಿಲ್ಲ.

ಇಷ್ಟಾದರೂ ಮನೆಯಲ್ಲಿ ಅವನ ಮಾತಿಗೆ ಬೆಲೆಯಿರಲಿಲ್ಲ. ಮಾತೇ ಇರಲಿಲ್ಲ ಅನ್ನಬೇಕು. ಮನೆಯ ಯಜಮಾನಿಕೆ ಅಣ್ಣ ಮಂಜಯ್ಯ ಶೆಟ್ಟರದ್ದು. ಅಕ್ಕ ಉಮಾವತಿ ಒಳಗಿನದನ್ನು ನೋಡಿಕೊಳ್ಳುತ್ತಿದ್ದಳು. 1959ರಲ್ಲಿ ಮಂಜಯ್ಯ ಶೆಟ್ಟರು ಹತ್ತು ಜನರ ಬಾಗಿಲು ತಟ್ಟಿ ತಮ್ಮನಿಗೆ ಬೊಂಬಾಯಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ದುಡ್ಡು ಎಣಿಸುವ ಕೆಲಸ ಕೊಡಿಸಿದ್ದರು. ಹನ್ನೊಂದನೇ ತಿಂಗಳಿಗೆ ಭೋಜರಾಜ ಯಾರಿಗೂ ಹೇಳದೆ ಟ್ರಂಕು ಹೊತ್ತು ಊರಿಗೆ ಬಂದ. ಅದಕ್ಕೂ ಹಿಂದೆ ಹಂಚಿನ ಕಾರ್ಖಾನೆಯನ್ನು, ಲಾರಿ ಆಫೀಸನ್ನು ಹೀಗೆಯೇ ಬಿಟ್ಟಿದ್ದ. ಅವತ್ತು ಜಗಲಿಯಲ್ಲಿ ನೆಂಟರು ಕೂತಿದ್ದರು. ಅವರೆದುರೇ ಮಂಜಯ್ಯ ಶೆಟ್ಟರು ಹೇಳಿದರು:

"ಇವ ಒಂದ್ ಕಡಿ ಕೂಕಂಬ ಮನ್ಷ ಅಲ್ಲ."

ಭೋಜರಾಜ ಟ್ರಂಕು ಇಳಿಸಿ, "ಕೂತಲ್ಲೇ ಕೂಕಂಡ್ ನೀನ್ ಎಂತ ಮಾಡಿದ್ದೆ?" ಎಂದ.

ಅಣ್ಣನನ್ನು ಅವನು 'ನೀನು' ಎಂದದ್ದು ಹುಟ್ಟಿದ ಮೇಲೆ ಅದೇ ಮೊದಲು. ಆಮೇಲೆ, ಗ್ರಂಥಾಲಯದ ಕೆಲಸ ಸಿಕ್ಕಿದ ಮೇಲೂ, ಅವರಿಬ್ಬರ ನಡುವೆ ಹೋಗಬೇಕಾದ ಮಾತೆಲ್ಲ ಉಮಾವತಿಯ ಮೂಲಕವೇ ಹೋಯಿತು. ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು, ಆದರೆ ಮಜ್ಜಿಗೆ ಬೇಕೆಂದರೂ ಅಕ್ಕನೇ ಬೇಕು. "ಇಬ್ರೂ ಸೇರಿ ನನ್ನ ಟಪ್ಪಾಲಿನವ್ಳ ಮಾಡಿರಿ," ಎಂದು ಅವಳು ಬೈಯುತ್ತಲೇ ಮಾತು ದಾಟಿಸುತ್ತಿದ್ದಳು.

1966ರ ಡಿಸೆಂಬರಿನಲ್ಲಿ ಭೋಜರಾಜ ಕಪಾಟಿನ ಕೆಳಸಾಲಿನಿಂದ ಒಂದು ತೆಳ್ಳಗಿನ ಕಾದಂಬರಿ ತೆಗೆದ. ಒಂದೇ ದೋಣಿಯಲ್ಲಿ ಮೀನಿಗೆ ಹೋಗುವ, ಆದರೆ ಪರಸ್ಪರ ಮಾತಾಡದ ಅಣ್ಣತಮ್ಮಂದಿರ ಕಥೆ. ಓದಿ ಮುಗಿಸಿ ಪುಸ್ತಕವನ್ನು ಕಪಾಟಿಗಿಟ್ಟ, ಮತ್ತೆ ತೆಗೆದ, ಬಾಗಿಲ ತನಕ ಹೋಗಿ ವಾಪಸು ಬಂದ. ನಾಲ್ಕು ದಿನ ಪಟ್ಟಿ ಬರೆದು ಹರಿದು, ಐದನೇ ದಿನ ಏಳನೆಯ ಸಾಲಿನಲ್ಲಿ ಆ ಪುಸ್ತಕದ ಎದುರು ಬರೆದ: 'ಮನೆಯೊಳಗೇ ಮಾತು ಬಿಟ್ಟವರಿಗೆ'. 'ಮಾತು' ಎಂಬುದು ಸೊಟ್ಟಗಾಯಿತು. ಹಾಗೆಯೇ ಹಚ್ಚಿದ.

ಮರುದಿನ ಬಾಗಿಲು ತೆಗೆಯುವ ಮೊದಲೇ ಪಕ್ಕದ ಜಗಲಿಯ ದರ್ಜಿ ಪಾಂಡು ಕುತ್ತಿಗೆಯ ಟೇಪನ್ನೂ ತೆಗೆಯದೆ ಎದ್ದು ಬಂದ.

"ಹ್ವಾಯ್ ಭೋಜಣ್ಣ, ನಮ್ಮನಿ ಸುದ್ದಿ ನಿಮ್ಗ್ ಯಾರ್ ಹೇಳದ್ದ್?"

"ಎಂತ ಸುದ್ದಿ ಮಾರಾಯ?"

"ಎಂತ ಅಂದ್ ಕೇಂತ್ರಿಯಾ? ಏಳನೇದ್ ಓದಿ ಕಾಣಿ! ಹೆಂಡ್ತಿ ನನ್ನತ್ರ ಮಾತ್ ಬಿಟ್ಟದ್ದ್ ದೀಪಾವಳಿಗೆ. ಅದನ್ನ ಇಡೀ ಪ್ಯಾಟಿಗ್ ಸಾರೂಕಾ?"

"ಅದ್ ನಿಂಗ್ ಬರ್ದದ್ದಲ್ಲ ಪಾಂಡು."

"ಮತ್ತ್ ಯಾರಿಗ್?"

ಭೋಜರಾಜ ಬೀಗ ತೆಗೆದು ಒಳಗೆ ಹೋದ. ಪಾಂಡು ಆ ಪುಸ್ತಕವನ್ನೇ ಕೇಳಿ ತೆಗೆದುಕೊಂಡ. "ಇದ್ರಗ್ ನನ್ನ್ ಹೆಸ್ರ್ ಇತ್ತಾ ಕಾಂತೆ," ಎಂದು ಹೇಳಿ ಹೋದ.

ಮಧ್ಯಾಹ್ನದೊಳಗೆ ಇನ್ನಿಬ್ಬರು ಬಂದರು. ತಾಯಿಯೊಂದಿಗೆ ಮಾತಿಲ್ಲದ ಸೋಡಾ ಅಂಗಡಿಯವನು, ಸೊಸೆಯೊಂದಿಗೆ ಮಾತಿಲ್ಲದ ನಿವೃತ್ತ ಮೇಷ್ಟರು. ವಾರ ಕಳೆಯುವಷ್ಟರಲ್ಲಿ ಏಳು ಮನೆಯವರು ಸಿಟ್ಟಾಗಿದ್ದರು. ಉಪ್ಪುಂದದಲ್ಲಿ ಇಷ್ಟು ಮನೆಗಳೊಳಗೆ ಮಾತು ನಿಂತಿದೆ ಎಂದು ಭೋಜರಾಜನಿಗೆ ಗೊತ್ತೇ ಇರಲಿಲ್ಲ. ಸಿಟ್ಟಾದವರೆಲ್ಲ ಪುಸ್ತಕದ ಸರದಿಗೆ ಹೆಸರು ಬರೆಸಿದರು. ಮೇಷ್ಟರು ಮಾತ್ರ ಅದರ ಜೊತೆಗೆ ಮೇಲಿನ ಕಚೇರಿಗೂ ಒಂದು ಅರ್ಜಿ ಬರೆದರು: ಗ್ರಂಥಪಾಲಕರು ಖಾಸಗಿ ಸಂಸಾರಗಳ ವಿಷಯವನ್ನು ಗೋಡೆಗೆ ಹಚ್ಚುತ್ತಿದ್ದಾರೆ.

ಇನ್‌ಸ್ಪೆಕ್ಟರು ತಪಾಸಣೆಗೆ ಬರುತ್ತಾರೆ ಎಂದು ಮೇಲಿನ ಕಚೇರಿಯಿಂದ ಕಾಗದ ಬಂತು, ಯಾವತ್ತು ಎಂದು ಇರಲಿಲ್ಲ. ಭೋಜರಾಜ ದಿನಕ್ಕೆರಡು ಸಲ ಕುರ್ಚಿಗಳ ಜಾಗ ಬದಲಿಸಿದ. ಬಸ್ಸಿನ ಹಾರ್ನು ಕೇಳಿದಾಗಲೆಲ್ಲ ಎದ್ದು ರಸ್ತೆ ನೋಡಿದ. ಒಮ್ಮೆ ಪಟ್ಟಿಯ ಮೂಲೆ ಕೀಳಲು ಉಗುರು ಹಾಕಿದ, ಆಮೇಲೆ ತಾನೇ ಅಂಟು ಹಚ್ಚಿ ಒತ್ತಿದ. ಈ ಕೆಲಸವೂ ಹೋದರೆ ಅಣ್ಣ ಹೇಳಿದ್ದೇ ನಿಜವಾಗುತ್ತದೆ ಎಂಬ ಯೋಚನೆ ಅವನನ್ನು ಕೂರಲು ಬಿಡಲಿಲ್ಲ.

ಜನವರಿಯ ಮೂರನೇ ವಾರ ಇನ್‌ಸ್ಪೆಕ್ಟರು ಬಂದರು. ಛತ್ರಿ ಮಡಚಿ, ಪಟ್ಟಿಯನ್ನು ನಿಧಾನವಾಗಿ ಓದಿದರು. ಮೇಷ್ಟರು, ಪಾಂಡು, ಇನ್ನೂ ಹತ್ತು ಜನ ಬಾಗಿಲಲ್ಲಿ ನಿಂತಿದ್ದರು.

"ಈ ಏಳನೆಯದನ್ನು ನೀವು ಯಾರನ್ನು ಉದ್ದೇಶಿಸಿ ಬರೆದಿರಿ?"

ಭೋಜರಾಜ ಎದ್ದು ನಿಂತ. ಮೇಜಿನ ಮೇಲಿನ ರಬ್ಬರ್ ಮೊಹರನ್ನು ಆಚೆ ಇಟ್ಟು ಈಚೆ ಇಟ್ಟ.

"ನಂಗೇ ಬರ್ಕಂಡದ್ದ್ ಸಾರ್. ನಂಗೆ, ನಮ್ಮಣ್ಣಯ್ಯಂಗೆ. ನಾವಿಬ್ರೂ ಮಾತಾಡ್ದೆ ಏಳ್ ವರ್ಷ ಆಯ್ತ್."

ಮೇಷ್ಟರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. ಇನ್‌ಸ್ಪೆಕ್ಟರು ಇನ್ನು ಮೇಲೆ ಪಟ್ಟಿಯಲ್ಲಿ ಪುಸ್ತಕದ ಹೆಸರು, ಬರೆದವರ ಹೆಸರು, ಸಂಖ್ಯೆ ಇಷ್ಟೇ ಇರಬೇಕು, ಯಾರಿಗೆ ಎಂಬ ಷರಾ ಕೂಡದು ಎಂದು ಬರೆದು ಸಹಿ ಹಾಕಿದರು. ಹೋಗುವಾಗ ಆ ಕಾದಂಬರಿ ಇದೆಯೇ ಎಂದು ಕೇಳಿದರು. ಅದು ಸೋಡಾ ಅಂಗಡಿಯಲ್ಲಿತ್ತು.

ಪೇಟೆಯಲ್ಲಿ ಬೆಳಿಗ್ಗೆ ಆಡಿದ ಮಾತು ಊಟದ ಹೊತ್ತಿಗೆ ಮನೆ ಮುಟ್ಟಿತು. ಅವತ್ತು ಉಮಾವತಿ ಇಬ್ಬರಿಗೂ ಬಡಿಸಿ ಒಂದು ಮಾತೂ ಆಡದೆ ಒಳಗೆ ಹೋದಳು. ಮಂಜಯ್ಯ ಶೆಟ್ಟರು ತಲೆ ಎತ್ತದೆ ಉಂಡೆದ್ದರು. ಊರೆದುರು ಮನೆಯ ಮರ್ಯಾದೆ ತೆಗೆದೆ ಎಂದು ಇನ್ನೂ ದೊಡ್ಡ ಮೌನ ಶುರುವಾಗುತ್ತದೆ ಎಂದು ಭೋಜರಾಜ ಅಂದುಕೊಂಡ.

ನಾಲ್ಕನೇ ದಿನ ಸಂಜೆ ಮಂಜಯ್ಯ ಶೆಟ್ಟರು ಗ್ರಂಥಾಲಯಕ್ಕೆ ಬಂದರು. ಅವರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಭೂಪಟ ನೋಡಿದರು, ರೇಡಿಯೋ ನೋಡಿದರು, ಮೇಜಿನ ಎದುರು ನಿಂತರು.

"ಆ ಪುಸ್ತಕ ಇತ್ತಾ?"

ಭೋಜರಾಜ ಅಭ್ಯಾಸಬಲದಿಂದ ಅಕ್ಕ ಎಲ್ಲಿ ಎಂದು ಸುತ್ತ ನೋಡಿದ. "ಇಲ್ಲ. ಹೊರಗ್ ಹೋಯ್ತ್. ನಿಮ್ಕಿಂತ್ ಮುಂಚೆ ಐದ್ ಜನ ಇದ್ರ್."

"ನನ್ನ್ ಹೆಸ್ರೂ ಬರಿ."

ಬರೆದ. ಸರದಿ ಬರಲು ಮಾರ್ಚ್ ಆಯಿತು. ಮಂಜಯ್ಯ ಶೆಟ್ಟರು ಪುಸ್ತಕವನ್ನು ಮೂರು ವಾರ ಇಟ್ಟುಕೊಂಡು, ಖುದ್ದಾಗಿ ತಂದು ಮೇಜಿನ ಮೇಲಿಟ್ಟರು.

"ಇದ್ರಗೆ ಎಲ್ಲಾ ತಪ್ಪ್ ಅಣ್ಣಂದೇ ಅಂದ್ ಬರ್ದಿದ್ರ್."

"ಕಡಿಗೆ ತಮ್ಮಂದೂ ಬತ್ತ್."

"ಬತ್ತ್. ಒಂದ್ ಪುಟ."

ಭೋಜರಾಜನಿಗೆ ನಗು ಬಂತು, ತಡೆದುಕೊಂಡ. ಆಮೇಲೆ ತಡೆಯದೆ ಹೇಳಿದ: "ಅವತ್ತ್ ನಾನ್ 'ನೀನ್' ಅಂದದ್ದ್ ತಪ್ಪಾಯ್ತ್ ಅಣ್ಣಯ್ಯ."

ಮಂಜಯ್ಯ ಶೆಟ್ಟರು ಕುರ್ಚಿ ಎಳೆದು ಕೂತು ಪತ್ರಿಕೆ ಬಿಡಿಸಿದರು, ಬಾಗಿಲು ಹಾಕುವ ತನಕ ಓದಿದರು. ಅಂದಿನಿಂದ ವಾರಕ್ಕೆರಡು ಸಂಜೆ ಬರತೊಡಗಿದರು. ಅಲ್ಲಿ ಇಬ್ಬರೂ ಪುಸ್ತಕದ ವಿಷಯ, ಮಳೆಯ ವಿಷಯ ಮಾತಾಡುತ್ತಿದ್ದರು. ಮನೆಗೆ ಬಂದರೆ ಮತ್ತೆ ಉಮಾವತಿಯೇ ಬೇಕಿತ್ತು. ಅಭ್ಯಾಸ ತಪ್ಪಲು ಇನ್ನೂ ಎರಡು ವರ್ಷ ಹಿಡಿಯಿತು. ಪಾಂಡುವಿನ ಹೆಂಡತಿ ಸುಗುಣ ಮಾತ್ರ ಗಂಡನೊಂದಿಗೆ ಆ ವರ್ಷದ ಯುಗಾದಿಗೇ ಮಾತಾಡಿದಳು. ಅದಕ್ಕೆ ಪುಸ್ತಕ ಕಾರಣವೋ ಅವನು ಹೊಲಿದು ಕೊಟ್ಟ ರವಿಕೆ ಕಾರಣವೋ ಎಂದು ಭೋಜರಾಜ ಕೇಳಲಿಲ್ಲ.

1967ರ ಡಿಸೆಂಬರಿನ ಪಟ್ಟಿ ಹುಕುಮಿನಂತೆ ಷರಾ ಇಲ್ಲದೆ ಗೋಡೆಗೇರಿತು. ಜನ ಅದನ್ನು ಓದದೆ ನೇರ ಮೇಜಿಗೆ ಬಂದು ದನಿ ತಗ್ಗಿಸಿ ಕೇಳಿದರು: "ಈ ಸಲ ನಂಗ್ ಯಾವ್ದ್ ಭೋಜಣ್ಣ?" ಮೇಷ್ಟರೂ ಕೇಳಿದರು. ಬಾಯಲ್ಲಿ ಹೇಳಬಾರದು ಎಂದು ಹುಕುಮಿನಲ್ಲಿ ಇರಲಿಲ್ಲವಾದ್ದರಿಂದ ಅವನು ಒಬ್ಬೊಬ್ಬರಿಗೂ ಹೇಳಿದ.

1971ರ ಅಕ್ಟೋಬರಿನಲ್ಲಿ ಅವನಿಗೆ ಬೈಂದೂರಿಗೆ ವರ್ಗವಾಯಿತು. ಅಲ್ಲಿ ಕಪಾಟು ನಾಲ್ಕು, ಪುಸ್ತಕ ಎರಡರಷ್ಟು, ಗುರುತಿನ ಮುಖ ಒಂದೂ ಇಲ್ಲ. ಡಿಸೆಂಬರಿಗೆ ಉಳಿದದ್ದು ಏಳೇ ವಾರ. ಯಾರ ಮನೆಯಲ್ಲಿ ಎಂತ ನಡೆದಿದೆ ಎಂದು ಗೊತ್ತಿಲ್ಲದೆ ಯಾರಿಗೆ ಯಾವ ಪುಸ್ತಕ ಹೇಳುವುದು? ಬಂದ ಮರುದಿನವೇ ಅವನು ಬಾಡಿಗೆ ಸೈಕಲು ಹಿಡಿದು ಶಿರೂರಿನ ದಾರಿಗೆ ಹೊರಟ. ಮೊದಲು ಸಿಕ್ಕ ಚಾ ಅಂಗಡಿಯ ಎದುರು ಇಳಿದು, ಬೆಂಚಿನ ಮೇಲೆ ಕೂತವರ ಹತ್ತಿರ ಜಾಗ ಮಾಡಿಕೊಂಡು ಕೇಳಿದ:

"ಎಂತ ಮಾರಾಯ್ರೆ, ಊರಲ್ಲ್ ಎಂತ ವಿಶೇಷ?"