ಅತ್ತೆಗೆ ಹೇಳದ ಗುಟ್ಟಿನ ಮಾತು

ಮಕ್ಕಳಿಗೆ ಸುರಕ್ಷತೆಯ ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಒಳಗೊಳಗೇ ಬೀಗಿದ್ದೆ. ನಮ್ಮ ಕುರುಗೋಡಿನ ಶಾಲೆಯಲ್ಲಿ ಅದಕ್ಕಾಗಿ ಎರಡು ದಿನ ತರಬೇತಿಗೆ ಹೋಗಿ ಬಂದವಳು ನಾನೊಬ್ಬಳೇ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು, ಒಬ್ಬರೇ ಇದ್ದಾಗ ಬಾಗಿಲು ತೆಗೆಯಬಾರದು, ಗುರುತಿನವರೆಂದು ನಂಬಿಬಿಡಬಾರದು. ಒಂದೊಂದನ್ನೂ ಮಕ್ಕಳಿಂದ ಮೂರು ಸಲ ಹೇಳಿಸುತ್ತಿದ್ದೆ. ಆ ಗತ್ತಿನಲ್ಲೇ ಬಳ್ಳಾರಿಯ ಬಸ್ಸು ಹತ್ತಿ ಪಾರ್ವತಿನಗರದ ಮನೆಗೆ ಬರುತ್ತಿದ್ದೆ.

ಮನೆಯಲ್ಲಿ ಒಂಬತ್ತು ವರ್ಷದ ಮಗಳು. ಮೂರೂವರೆಗೆ ಆಟೋದವನು ಇಳಿಸಿ ಹೋದರೆ ನಾನು ಬರುವ ಐದೂವರೆಯತನಕ ಅವಳೊಬ್ಬಳೇ. ನನ್ನ ಗಂಡನಿಗೆ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ, ಒಳಗೆ ಹೋದರೆ ಫೋನು ಸಿಗದು. ಹಾಗಾಗಿ ನಾವು ತಾಯಿ ಮಗಳು ಒಂದು ಗುಟ್ಟಿನ ಮಾತು ಮಾಡಿಕೊಂಡಿದ್ದೆವು: ಅವಳಿಗಿಷ್ಟದ ಮಂಡಕ್ಕಿ ತಿಂಡಿಯ ಹೆಸರು, ಒಗ್ಗರಣಿ ಮಿರ್ಚಿ. ಅದನ್ನು ಹೇಳಿದವರಿಗೆ ಮಾತ್ರ ಬಾಗಿಲು.

"ಅಜ್ಜಿ ಬಂದ್ರ?" ಎಂದು ಮಗಳು ಕೇಳಿದ್ದಳು.

"ಅಜ್ಜಿ ಬಂದ್ರೂ ಅಷ್ಟ, ಅಜ್ಜ ಬಂದ್ರೂ ಅಷ್ಟ."

"ಮತ್ತ ಅಜ್ಜಿಗೆ ಹೇಳಿಬಿಡೋಣೇನಮ್ಮ?"

"ಬ್ಯಾಡ. ನಿಮ್ಮಜ್ಜಿಗೆ ಹೇಳಿದ್ರ ಸಿರುಗುಪ್ಪದ ತುಂಬಾ ಡಂಗುರ ಸಾರಿದಂಗ."

ಹೇಳಿ ನಾನು ನಕ್ಕೆ, ಅವಳೂ ನಕ್ಕಳು. ಅತ್ತೆಯ ಬಾಯಿ ದೊಡ್ಡದು ಎಂಬ ಅಸಮಾಧಾನ ನನಗೆ ಮದುವೆಯಾದಾಗಿನಿಂದ ಇತ್ತು. ಪಾಠದ ಮಧ್ಯೆ ಅದನ್ನೂ ತುರುಕಿಬಿಟ್ಟೆ.

ಅತ್ತೆ ಸಿರುಗುಪ್ಪದಿಂದ ಬರುವಾಗ ಎಂದೂ ಫೋನ್ ಮಾಡಿದವರಲ್ಲ. "ಮಗನ ಮನಿಗೆ ಬರಾಕ ಕೇಳಿ ಬರಬೇಕೇನು? ನಾನೇನು ಬೀಗ್ತಿಯೇನು?" ಎನ್ನುತ್ತಿದ್ದರು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನವೂ ಹಾಗೆಯೇ ಬಂದಿಳಿದರು. ಕೈಯಲ್ಲಿ ಅಕ್ಕಿಯ ಚೀಲ, ಬಟ್ಟೆಯಲ್ಲಿ ಕಟ್ಟಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಮಗಳು ಬಾಗಿಲು ತೆಗೆಯಲಿಲ್ಲ. ಕಿಟಕಿಯಿಂದ ನೀರು ಕೊಟ್ಟಳು, ಗುಟ್ಟಿನ ಮಾತು ಕೇಳಿದಳು. ಅತ್ತೆ ಬೆಲ್ಲ ಎಂದರಂತೆ, ಶೇಂಗಾ ಎಂದರಂತೆ, ತಮ್ಮ ಎಮ್ಮೆಯ ಹೆಸರನ್ನೂ ಹೇಳಿ ನೋಡಿದರಂತೆ. ಮಗಳು ನನಗೆ ನಾಲ್ಕು ಸಲ ಫೋನ್ ಮಾಡಿದ್ದಾಳೆ. ನಾನು ಪಾಲಕರ ಸಭೆಯಲ್ಲಿ ನಿಂತು ಇದೇ ಪಾಠವನ್ನು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ಆಮೇಲೆ ಬಸ್ಸಿನ ನೂಕುನುಗ್ಗಲಿನಲ್ಲಿ ಬ್ಯಾಗಿಗೆ ಕೈಹಾಕಲೂ ಆಗಲಿಲ್ಲ.

ಓಣಿಗೆ ಬಂದರೆ ನಮ್ಮ ಮನೆಯ ಮುಂದೆ ಜನ. ಅತ್ತೆ ಮೆಟ್ಟಿಲ ಮೇಲೆ, ಸೆರಗು ತಲೆಯ ಮೇಲೆ ಹೊದ್ದು, ಮುಖವೆಲ್ಲ ಕೆಂಪಾಗಿ ಕೂತಿದ್ದರು. ಎದುರು ಮನೆಯಾಕೆ ಕರೆದರೂ ಹೋಗಿರಲಿಲ್ಲ. "ಮಗನ ಮನಿ ಬಾಗಲ ಬಿಟ್ಟು ಮಂದಿ ಮನ್ಯಾಗ ಯಾಕ ಕುಂದರ್ಲಿ?" ಎಂದರಂತೆ. ಕಿಟಕಿಯ ಸರಳುಗಳ ನಡುವೆ ರೊಟ್ಟಿ ಮುರಿದು ಮುರಿದು ಮೊಮ್ಮಗಳಿಗೆ ಕೊಡುತ್ತಿದ್ದರು.

"ಒಳಗ ಬರ್ರಿ ಅತ್ತಿ, ತಪ್ಪಾತು" ಎನ್ನುತ್ತ ನನ್ನ ಹತ್ತಿರದ ಕೀಲಿಯಿಂದ ಬಾಗಿಲು ತೆಗೆದೆ. ಮಗಳು ಗೆದ್ದವಳಂತೆ ಓಡಿ ಬಂದಳು. ತುಟಿಯ ಸುತ್ತ ಚಟ್ನಿಪುಡಿ.

"ಅಮ್ಮ, ನಾ ತಗೀಲೇ ಇಲ್ಲ! ಅಜ್ಜಿ ಬಂದ್ರೂ ತಗೀಬ್ಯಾಡ ಅಂದಿದ್ಯಲ್ಲ? ಅಜ್ಜಿಗೆ ಹೇಳಿದ್ರ..."

ಕೆನ್ನೆಗೆ ಬಾರಿಸಿಬಿಟ್ಟೆ. ಓಣಿಯವರು ನಾನು ಅತ್ತೆಯ ಪರವಾಗಿ ಹೊಡೆದೆ ಎಂದುಕೊಂಡರು. ಸುಳ್ಳು. ಆ ಮಾತಿನ ಉಳಿದರ್ಧ ಹೊರಗೆ ಬರಬಾರದೆಂದು ಹೊಡೆದೆ. ಹೇಳಿದ್ದನ್ನು ಅಕ್ಷರಶಃ ಪಾಲಿಸಿದ ಕೂಸನ್ನು, ನನ್ನ ನಾಲಿಗೆಯ ತಪ್ಪಿಗೆ, ಹತ್ತು ಜನರ ಮುಂದೆ ಹೊಡೆದೆ. ನಾಚಿಕೆಗೇಡಿ ನಾನು. ಅತ್ತೆ ಅವಳನ್ನು ಸೆರಗಿನೊಳಗೆ ಎಳೆದುಕೊಂಡರು. ಮರುದಿನ ಬೆಳಗಿನ ಬಸ್ಸಿಗೇ ಹೊರಟುಹೋದರು.

ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಬಂದರೆ ಬಾಗಿಲು ಹಾರು ಹೊಡೆದಿತ್ತು. ಅಡುಗೆಮನೆಯಲ್ಲಿ ಗುರುತಿಲ್ಲದ ಗಂಡಸೊಬ್ಬ ನಲ್ಲಿಯ ಹತ್ತಿರ ನಿಂತಿದ್ದ. ನೀರಿನ ಫಿಲ್ಟರ್ ಮಾರುವವನು. ನನ್ನನ್ನು ಕಂಡು ನಮಸ್ಕಾರ ಮಾಡಿ, ಚೀಟಿಯೊಂದನ್ನು ಕೊಟ್ಟು ಹೋದ. ಪುಣ್ಯಕ್ಕೆ ಅಷ್ಟೇ. ಬಾಗಿಲಿಗೆ ಚಿಲಕ ಹಾಕಿ ಮಗಳ ಕಡೆ ತಿರುಗಿದೆ.

"ಗುಟ್ಟಿನ ಮಾತು ಕೇಳಿದ್ಯೇನ?"

"ಇಲ್ಲ."

"ಮತ್ತ್ಯಾಕ ತಗದಿ?"

ಮಗಳು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು. "ತಗೀಲಿಲ್ಲಂದ್ರ ಹೊಡೀತಿಯಲ್ಲ" ಎಂದಳು.

ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಅತ್ತುಬಿಟ್ಟೆ. ತಪ್ಪು ನನ್ನದೇ ಎಂದು ಬಾಯಿಬಿಟ್ಟು ಹೇಳಿದೆ. ಕೇಳಿಸಿಕೊಂಡಳು, ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ.

ಆಮೇಲೆ ಸಿರುಗುಪ್ಪಕ್ಕೆ ಫೋನ್ ಮಾಡಿದೆ. "ಅತ್ತಿ, ನಿಮಗೊಂದು ಮಾತು ಹೇಳಬೇಕಿತ್ತು. ನೀವು ಬಂದಾಗ ಕಿಟಕಿ ಹತ್ರ ನಿಂತು ಅದನ್ನ ಹೇಳ್ರಿ, ಕೂಸು ಬಾಗಲಾ ತಗೀತೈತಿ."

"ಬ್ಯಾಡ ಬಿಡವ್ವ" ಎಂದರು ಅತ್ತೆ. ದನಿಯಲ್ಲಿ ಸಿಟ್ಟು ಇರಲಿಲ್ಲ. "ನಾನು ಊರಿಗೆಲ್ಲಾ ಡಂಗುರ ಸಾರಾಕಿ. ಕೂಸು ಅವತ್ತೇ ಕಿಟಕ್ಯಾಗ ಎಲ್ಲಾ ಹೇಳೈತಿ. ಆ ಗುಟ್ಟೊಂದು ಮಾತ್ರ ಎಷ್ಟು ಕೇಳಿದ್ರೂ ಹೇಳಲಿಲ್ಲ ನೋಡು. ಅಕಿನ್ನ ಮತ್ತ ಹೊಡೀಬ್ಯಾಡ."

ಅಂದರೆ ನಾನು ಕೈ ಎತ್ತುವ ಮೊದಲೇ ಅವರಿಗೆ ಎಲ್ಲ ತಿಳಿದಿತ್ತು. ತಿಳಿದೂ ರೊಟ್ಟಿ ಮುರಿದು ಕೊಡುತ್ತ ಕೂತಿದ್ದರು.

ಈಗ ಅತ್ತೆ ಬರುವ ಹಿಂದಿನ ದಿನ ನನ್ನ ಫೋನು ಬಡಿದುಕೊಳ್ಳುತ್ತದೆ. "ನಾಳೆ ಬರಲೇನವ್ವ?" ಎಂದು ಕೇಳುತ್ತಾರೆ. ಬರ್ರಿ ಅತ್ತಿ, ಎನ್ನುತ್ತೇನೆ. ಪ್ರತಿ ಸಲವೂ ಕೇಳುತ್ತಾರೆ.