ಕಿವಿಗೆ ಓದಿ ಹೇಳುವ ಎರಡು ಫೋನು

ನನ್ನ ಕಣ್ಣು ಒಮ್ಮೆಲೇ ಹೋಗಲಿಲ್ಲ. ಮೊದಲು ಬದಿಯಿಂದ ಬರುವ ಟ್ರ್ಯಾಕ್ಟರು ಕಾಣದಾಯಿತು. ಆಮೇಲೆ ಅಂಗನವಾಡಿಯ ಹಾಜರಿ ಪುಸ್ತಕದ ಸಾಲುಗಳು ಒಂದರ ಮೇಲೊಂದು ಬೀಳತೊಡಗಿದವು. ನಲವತ್ತೆರಡನೆಯ ವಯಸ್ಸಿಗೆ ಮರಾಠಿ ಸೀಮೆಯ ನಮ್ಮ ಊರು ದಾಳಿಂಬದ ಅಂಗನವಾಡಿ ಕೆಲಸ ಬಿಟ್ಟೆ. ನಾನು ಭಾಲ್ಕಿ ಕಡೆಯಿಂದ ಮದುವೆಯಾಗಿ ಬಂದವಳು; ಮರಾಠಿ ಓದಲು ಕಲಿತದ್ದು ಆ ಮಕ್ಕಳ ಜೊತೆಗೇ. ಈಗ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ ಎನ್ನುವಂತಾಯಿತು.

ಉದಗೀರದ ಕಣ್ಣಿನ ಡಾಕ್ಟರು ಇದಕ್ಕೆ ಔಷಧವಿಲ್ಲ ಎಂದು ನೇರವಾಗಿಯೇ ಹೇಳಿದರು. ಗಂಡ ತಪಾಸಣೆಯ ಚೀಟಿ ತರಲು ಹೋದಾಗ ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲೇ ಯಾರೋ ಗಡಿಬಿಡಿಯಲ್ಲಿ ಕನ್ನಡ ಓದುತ್ತಿದ್ದರು. ಅಷ್ಟು ವೇಗವಾಗಿ ಓದುವವರನ್ನು ನಾನು ಕೇಳಿರಲಿಲ್ಲ.

"ಯಾರ್ ಓದ್ಲತ್ತಾರ್ರೀ?" ಎಂದೆ.

"ಯಾರೂ ಇಲ್ರೀ ವೈನಿ, ನನ್ನ ಫೋನ್ ಓದ್ಲತ್ತದ. ನನಗ ಹುಟ್ಟಿನಿಂದ ಕಣ್ಣಿಲ್ಲ," ಎಂದಿತು ಒಂದು ಹೆಣ್ಣು ದನಿ.

ಆಕೆ ಉದಗೀರದಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಕಲಿಸುವವಳು, ತಾಯಿಯ ಕಣ್ಣು ತೋರಿಸಲು ಬಂದಿದ್ದಳು. ಅವಳದು ಅಣ್ಣ ಕೊಟ್ಟ ಐಫೋನು. ನನ್ನ ಫೋನನ್ನು ಕೈಯಲ್ಲಿ ತಿರುಗಿಸಿ ತಡವಿ, "ಇದು ಆಂಡ್ರಾಯ್ಡ್ ಇರಬೇಕು. ಇದೂ ಓದ್ತದ. ಆದ್ರ ಇದರ ದಾರಿ ನನಗ ಗೊತ್ತಿಲ್ಲ. ನಂದು ಹ್ಯಾಂಗಂತ ಹೇಳ್ತೀನಿ, ಉಳಿದದ್ದು ನೀವು ಹುಡಕ್ರಿ," ಎಂದಳು. ಇಬ್ಬರೂ ನಂಬರು ಕೊಟ್ಟುಕೊಂಡೆವು.

ಮನೆಗೆ ಬಂದು ಗಂಡ ಸೆಟ್ಟಿಂಗಿನಲ್ಲಿ ಹುಡುಕಿ ಓದುವ ಸೌಲಭ್ಯ ಚಾಲೂ ಮಾಡಿದರು. ಫೋನು ಮುಟ್ಟಿದ್ದನ್ನೆಲ್ಲ ಹೆಸರು ಹಿಡಿದು ಕೂಗತೊಡಗಿತು, ಏನು ಒತ್ತಿದರೂ ತೆರೆಯಲೊಲ್ಲದು. "ಏ, ಕೆಟ್ಟೇ ಹೋಯ್ತಿದು," ಎಂದು ಅವರು ಹೆದರಿ ಪಕ್ಕದೂರು ತುರೋರಿಯ ಮೊಬೈಲ್ ಅಂಗಡಿಗೆ ಓಡಿದರು. ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ಬಡಿದರೆ ತೆರೆಯುತ್ತದೆ ಎಂದು ಅಂಗಡಿಯವನು ಹೇಳಿಕೊಟ್ಟ. ಅಲ್ಲಿಂದ ನಮ್ಮ ಪಾಠ ಶುರುವಾಯಿತು.

ಇಲ್ಲಿ ಟೀಚರಿಗೆ ಬಾಯಿ ಎನ್ನುತ್ತಾರೆ; ನಮ್ಮ ಹಾರ್ಮೋನಿಯಂ ಬಾಯಿ ದಿನಾ ಫೋನಿನಲ್ಲಿ ಒಂದೊಂದು ಹೇಳುವಳು. ಹಿಂದಿನ ಪುಟಕ್ಕೆ ಹೋಗಲು ಎರಡು ಬೆರಳು ಅಂಕುಡೊಂಕಾಗಿ ಆಚೀಚೆ ಎಳೆಯಬೇಕು ಎಂದಳು. ನಾನು ಇಡೀ ದಿನ ಗಾಜನ್ನು ಉಜ್ಜಿದೆ, ನನ್ನ ಫೋನು ಜಗ್ಗಲಿಲ್ಲ. ಸಿಟ್ಟಿಗೆ ಅದನ್ನು ಜೋಳದ ಡಬ್ಬಿಯ ಮೇಲೆ ಇಟ್ಟುಬಿಟ್ಟೆ.

ಮರುದಿನ ಮಧ್ಯಾಹ್ನ ಅಂಗಳದಲ್ಲಿ ಫೋನಿನ ದನಿ ಕೇಳಿತು. ಹೋಗಿ ಹತ್ತಿರದಿಂದ ನೋಡಿದರೆ ಗಂಡ ಕಣ್ಣಿಗೆ ಟವೆಲ್ ಬಿಗಿದುಕೊಂಡು ಹೊರಸಿನ ಮೇಲೆ ಕೂತಿದ್ದಾರೆ!

"ಏನ್ರೀ ಇದು? ಮಂದಿ ನೋಡಿದ್ರ ಏನಂದಾರು?"

"ಅನ್ಲಿ ಬಿಡು. ಕಣ್ಣ ತೆರದು ಮಾಡಿದ್ರ ಕೈ ತಾನೇ ಹೋಗ್ತದ. ನಿನಗ ಹ್ಯಾಂಗ ಹೇಳಿಕೊಡ್ಲಿ?"

ಮೂರು ದಿನ ಹಾಗೆಯೇ ಕೂತರು. ತೊಗರಿಗೆ ಔಷಧ ಹೊಡೆಯುವ ಕೆಲಸ ಅರ್ಧಕ್ಕೆ ನಿಂತಿತ್ತು. ಕೊನೆಗೆ, "ಸಿಕ್ತು! ಹಿಂದ ಹೋಗ್ಲಿಕ್ಕ ಒಂದೇ ಬೆರಳು, ಕೆಳಗ ಎಳದು ಎಡಕ್ಕ," ಎಂದು ಕೂಗಿದರು. ಚಹದ ಕಪ್ಪು ಮುಂದೆ ಹಿಡಿದೆ. ಟವೆಲ್ ಬಿಚ್ಚುವುದನ್ನೂ ಮರೆತು ಅವರು ಗಾಳಿಯಲ್ಲಿ ಕೈ ಆಡಿಸಿದರು.

ಆ ವರ್ಷ ಸೋಯಾಬೀನ್ ರಾಶಿ ಮುಗಿದ ಮೇಲೆ ಗಂಡ ನನಗೂ ಐಫೋನು ಕೊಡಿಸುವ ಮಾತೆತ್ತಿದರು. ಹಾರ್ಮೋನಿಯಂ ಬಾಯಿ ತಡೆದಳು. "ಬಳಸದೆ ತಗೋಬ್ಯಾಡ್ರಿ ವೈನಿ. ಎಂಟು ದಿನ ನಂದು ನೀವಿಟ್ಕೋರಿ, ನಿಮ್ಮದು ನನಗ ಕೊಡ್ರಿ." ಇಬ್ಬರಿಗೂ ನಡುವೆ ಬೀಳುವ ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಕೂಡಿ, ಗಂಡನ ಕೈಯಿಂದ ಸಿಮ್ ಕಾರ್ಡು ಬದಲಿಸಿಕೊಂಡೆವು.

ಐಫೋನಿನಲ್ಲಿ ನನಗೆ ಬಹಳ ಹಿಡಿಸಿದ್ದು ಎರಡು ಬೆರಳನ್ನು ರೇಡಿಯೋದ ಕಿವಿ ಹಿಂಡಿದಂತೆ ತಿರುಗಿಸುವುದು. ತಿರುಗಿಸಿದಂತೆ ಸಾಲು, ಪದ, ಅಕ್ಷರ, ಭಾಷೆ ಎಂದು ಹೇಳುತ್ತ ಹೋಗುತ್ತದೆ, ಬೇಕಾದಲ್ಲಿ ನಿಲ್ಲಿಸಿದರಾಯಿತು. ತವರಿನ ಸುದ್ದಿ ಕನ್ನಡದಲ್ಲಿ, ಊರಿನ ಸುದ್ದಿ ಮರಾಠಿಯಲ್ಲಿ ಬರುವ ನನ್ನಂಥವಳಿಗೆ ಅದು ದೊಡ್ಡ ಅನುಕೂಲ. ನನ್ನದರಲ್ಲೂ ಭಾಷೆ ಬದಲಿಸಬಹುದು, ಆದರೆ ಮೂರು ಬೆರಳಿನ ಇನ್ನೊಂದು ದಾರಿ. ಐಫೋನಿನಲ್ಲಿ ಪುಟ ಸರಿಸಲು ಮೂರು ಬೆರಳು, ನನ್ನದರಲ್ಲಿ ಎರಡು. ಹಾರ್ಮೋನಿಯಂ ಬಾಯಿಯ ಅಣ್ಣನದೂ ಅತ್ತಿಗೆಯದೂ ಐಫೋನೇ, ಎಲ್ಲದರಲ್ಲೂ ಎಲ್ಲವೂ ಒಂದೇ ಕಡೆ ಇರುತ್ತದಂತೆ. ನನ್ನ ಮತ್ತು ಗಂಡನ ಫೋನುಗಳು ಬೇರೆ ಬೇರೆ ಕಂಪನಿಯವು, ಸೆಟ್ಟಿಂಗಿನ ಜಾಗವೂ ಬೇರೆ. ಆದರೆ ನನ್ನದರಲ್ಲಿ ಎಲ್ಲವನ್ನೂ ನನಗೆ ಬೇಕಾದ ಮೂಲೆಗೆ ಇಟ್ಟುಕೊಂಡಿದ್ದೆ. ಬೆರಳಿಗೆ ಅದು ಸ್ವಂತ ಅಡುಗೆಮನೆಯಷ್ಟು ಪರಿಚಯ.

ಐದನೆಯ ದಿನ ಐಫೋನಿನಲ್ಲಿ ಎಲ್ಲೋ ಸಿಕ್ಕಿಬಿದ್ದೆ. ಗಂಡನನ್ನು ಕರೆದೆ. ಅವರು ಎರಡೂ ಕೈ ಚೆಲ್ಲಿ, "ನನಗಿದು ಬರಂಗಿಲ್ಲ. ಕಲೀತೀನಿ, ಟವೆಲ್ ತಾ," ಎಂದರು. ಅವರು ತಮಾಷೆಗೆ ಹೇಳಿರಲಿಲ್ಲ. ಆಗಲೇ ನನ್ನ ಮನಸ್ಸು ಗಟ್ಟಿಯಾಯಿತು.

ವಾಪಸು ಕೊಡಲು ನಿಲಂಗಾಕ್ಕೆ ಒಬ್ಬಳೇ ಹೋಗುತ್ತೇನೆಂದೆ. ದಾಳಿಂಬದಿಂದ ಉಮರ್ಗಾಕ್ಕೆ ಶೇರ್ ಆಟೋ, ಅಲ್ಲಿಂದ ಬಸ್ಸು. ಕೆಲಸ ಬಿಟ್ಟ ಮೇಲೆ ಒಬ್ಬಳೇ ಊರು ದಾಟಿದ್ದು ಅದೇ ಮೊದಲು. ದಾರಿಯಲ್ಲಿ ಗಂಡನ ಫೋನು ನಾಲ್ಕು ಸಲ ಬಂತು. ಎರಡು ಬೆರಳಿನಿಂದ ಎರಡು ಸಲ ಬಡಿದು ಎತ್ತಿದೆ. ಅದು ಎರಡು ಫೋನಿನಲ್ಲೂ ಒಂದೇ ಇತ್ತು.

ಹಾರ್ಮೋನಿಯಂ ಬಾಯಿ ತಾಯಿಯೊಂದಿಗೆ ಕಾಯುತ್ತಿದ್ದಳು. ನನ್ನ ಕೈ ಸಿಕ್ಕ ಕೂಡಲೇ, "ಮೊದಲು ನಂದು ಕೊಡ್ರಿ ವೈನಿ. ನಿಮ್ಮ ಫೋನಿನಾಗ ನಾ ಪರದೇಸಿ ಆಗಿದ್ದೆ!" ಎಂದಳು. ಇಬ್ಬರೂ ನಕ್ಕೆವು.

"ನಿಮಗ ಯಾವುದು ಬೇಸ್ ಅನಸ್ತು?"

"ನಿಂದು ಭಾಳ ಛಲೋ ಅದ. ಆದ್ರ ನಂದೇ ಇರ್ಲಿ. ನಾ ಸಿಕ್ಕಿಬಿದ್ರ ಬಿಡಿಸ್ಲಿಕ್ಕ ನಮ್ಮ ಮನ್ಯಾಗ ಒಬ್ರು ಕಲ್ತು ಕುಂತಾರ."

ಈಗ ನಾನು ವಾರಕ್ಕೆರಡು ದಿನ ಅಂಗನವಾಡಿಗೆ ಹೋಗುತ್ತೇನೆ, ಕಥೆ ಹೇಳಲು. ಹಿಂದಿನ ದಿನ ಫೋನಿನಿಂದ ಒಂದು ಮರಾಠಿ ಕಥೆ ಕೇಳಿ ಬಾಯಿಪಾಠ ಮಾಡಿಕೊಂಡಿರುತ್ತೇನೆ. ಮರೆತ ಕಡೆ ನಾನೇ ಏನಾದರೂ ಸೇರಿಸಿಬಿಡುತ್ತೇನೆ.