ಕುಂಕುಮ ಹಚ್ಚಿದ ಲೈಸೆನ್ಸು

ಅಕ್ಕನ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು, ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು. ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ನಾಲ್ಕೂ ಟಿವಿಗಳ ಜಾಯ್‌ಸ್ಟಿಕ್‌ಗಳನ್ನು ಆ ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಒಂದು ಗುಂಡಿ ಸಡಿಲವಾಗಿದ್ದರೂ ಆ ಟಿವಿಗೆ ಅವತ್ತು ರಜೆ.

ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದೆ ಅವಳದು ವಿಡಿಯೊ ಗೇಮ್ ಅಂಗಡಿ, ಪಕ್ಕದ್ದು ನನ್ನ ಜೆರಾಕ್ಸ್ ಅಂಗಡಿ. ನಡುವೆ ಎಂಟು ಹೆಜ್ಜೆ; ಒಡಹುಟ್ಟಿದವಳಲ್ಲ, ಆ ನೆರೆಯ ಸಲುಗೆಗೆ ಅಕ್ಕ. ಅವಳಲ್ಲಿ ಅರ್ಧ ಗಂಟೆಯ ದುಡ್ಡು ಕೊಟ್ಟು ಆಡಿ ಎದ್ದು ಹೋಗುವುದು, ಅಷ್ಟೇ; ಗೆದ್ದವರಿಗೆ ಏನೂ ಸಿಗುತ್ತಿರಲಿಲ್ಲ. ಶಿವಮೊಗ್ಗ ಬಸ್ಸಿಗೆ ಕಾಯುವವರು, ಊಟ ಮುಗಿಸಿದ ಹಮಾಲರು, ಕಾಲೇಜಿನವರು ಬರುತ್ತಿದ್ದರು. ಸ್ಕೂಲ್ ಯೂನಿಫಾರ್ಮಿನಲ್ಲಿ ಬಂದವರನ್ನು ಹೊಸ್ತಿಲಲ್ಲೇ ತಿರುಗಿಸಿ ಕಳಿಸುತ್ತಿದ್ದಳು.

ಒಮ್ಮೆ ಗೋವಿನಕೋವಿಯ ಹೆಂಗಸೊಬ್ಬರು ಕಾಲೇಜಿಗೆ ಚಕ್ಕರ್ ಹಾಕಿದ ಮಗನನ್ನು ಹುಡುಕಿಕೊಂಡು ಬಂದು ಬಾಗಿಲಲ್ಲೇ ಕೂಗಾಡಿದರು. "ಮಕ್ಳನ್ನ ಹಾಳು ಮಾಡಾಕೆ ಅಂಗಡಿ ಇಟ್ಟೀಯೇನೆ?"

ಅಕ್ಕ ಸ್ಟೂಲು ಎಳೆದಳು. "ಬರ್ರೀ ಅಮ್ಮ, ಕುಂದ್ರಿ. ಒಂದಾಟ ಆಡಿ, ಆಮೇಲೆ ಬೈರಿ."

ಆ ತಾಯಿ ಕಾರನ್ನು ಮೂರು ಸಲ ಗೋಡೆಗೆ ಗುದ್ದಿದರು. "ಥೋ, ನಮ್ ಯಜಮಾನ್ರು ಬೈಕ್ ಓಡಿಸ್ದಂಗಾತು" ಎಂದು ನಕ್ಕುಬಿಟ್ಟರು. ಮಗನನ್ನು ಮಾತ್ರ ಕಿವಿ ಹಿಡಿದೇ ಕರೆದೊಯ್ದರು.

ಅಕ್ಕ ಓದಿದ್ದು ಏಳನೇ ತರಗತಿ. ಆದರೆ ಯಾವ ಕಾಗದವನ್ನೂ ಎರಡು ಸಲ ಓದದೆ ಸಹಿ ಮಾಡುತ್ತಿರಲಿಲ್ಲ. "ಓದ್ದೆ ಸಹಿ ಹಾಕ್ಬಾರ್ದು ತಮ್ಮಾ" ಎಂದು ನನಗೂ ಹೇಳುತ್ತಿದ್ದಳು.

ಆಯುಧಪೂಜೆಯಂದು ಟಿವಿಗಳ ಜೊತೆಗೆ ಗೋಡೆಯ ಮೇಲಿನ ಲೈಸೆನ್ಸಿಗೂ ಪೂಜೆ. ಫ್ರೇಮು ಬಿಚ್ಚಿ, ಕಾಗದಕ್ಕೇ ವಿಭೂತಿ ಎಳೆದು ಕುಂಕುಮ ಹಚ್ಚುತ್ತಿದ್ದಳು. ಗಾಜಿನ ಮೇಲೆ ಹಚ್ಚಿದರೆ ಸಾಲದೇ ಎಂದು ಕೇಳಿದ್ದೆ.

"ಗಾಜು ಅನ್ನ ಹಾಕ್ತೈತೇನೋ? ಅನ್ನ ಹಾಕಾದು ಕಾಗದ."

ವರ್ಷ ವರ್ಷ ಹಚ್ಚಿ ಮೊಹರು ಮುಚ್ಚಿಹೋಯಿತು. ಹಣ ಪಣಕ್ಕಿಟ್ಟು ಆಡಿಸುವಂತಿಲ್ಲ ಎಂಬ ಷರತ್ತಿನ ಸಾಲೂ ಮುಚ್ಚಿತು. ಮೊದಲ ಪೂಜೆಗೆ ಮುಂಚೆ ತೆಗೆದ ಒಂದು ಜೆರಾಕ್ಸ್ ಪ್ರತಿ ನನ್ನ ಡ್ರಾಯರಿನಲ್ಲಿತ್ತು.

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದಾಗ ಪತ್ರಿಕೆಯ ಸುದ್ದಿಯನ್ನು ನನ್ನಿಂದ ಎರಡು ಸಲ ಓದಿಸಿದಳು.

"ಬರ್ಬೇಕಿತ್ತು ಬಿಡು. ಮೊಬೈಲ್‌ನಾಗೆ ಆಡಿ ಎಷ್ಟು ಮನೆ ಹಾಳಾದ್ವು. ನಮ್ದು ಸಿನಿಮಾ ಟಿಕೆಟ್ ಇದ್ದಂಗೆ. ನಮಗೇನೂ ಆಗಲ್ಲ."

ಕೆಲವು ವಾರಗಳ ಬಳಿಕ ಒಂದು ಮಧ್ಯಾಹ್ನ ಪೊಲೀಸರು ಬಂದರು. ಯಾರೋ ದೂರು ಕೊಟ್ಟಿದ್ದರಂತೆ. ಅಕ್ಕ ಲೈಸೆನ್ಸು ಇಳಿಸಿ ಕೊಟ್ಟಳು.

"ಏನ್ರೀ ಅಮ್ಮ ಇದು, ಲೈಸೆನ್ಸೋ, ದೇವ್ರ ಪಟಾನೋ?" ಎಂದರು ಒಬ್ಬರು. ಒರಟಾಗಿ ಹೇಳಲಿಲ್ಲ.

ಮಹಜರಿಗೆ ಸಾಕ್ಷಿ ಬೇಕೆಂದು ನನ್ನನ್ನು ಕರೆದರು. ನಾನು ಕಾಗದ ಓದಿದೆ. ಹಣ ಕಟ್ಟಿಸಿಕೊಂಡು ಜೂಜಾಡಿಸುವ ನಾಲ್ಕು ಯಂತ್ರಗಳು ಎಂದು ಬರೆದಿತ್ತು. ಡ್ರಾಯರಿನ ಪ್ರತಿ ನೆನಪಾಯಿತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅವರಲ್ಲೊಬ್ಬರು, "ನಿಮ್ ಅಂಗಡಿ ಲೈಸೆನ್ಸ್ ಎಲ್ಲಾ ಸರಿ ಐತೇನ್ರೀ?" ಎಂದು ಸುಮ್ಮನೆ ಕೇಳಿದರು. ನನ್ನದನ್ನು ನವೀಕರಿಸಿರಲಿಲ್ಲ.

ಸಹಿ ಮಾಡಿದೆ. ಟಿವಿಗಳನ್ನು ಜೀಪಿಗೆ ಹಾಕಿದರು. ಅಂಗಡಿಗೆ ಬೀಗ ಬಿತ್ತು.

ಮರುದಿನ ಅಕ್ಕ ನನ್ನ ಅಂಗಡಿಗೆ ಬಂದಳು. "ಓದಿ ಹಾಕ್ದೇನೋ ತಮ್ಮಾ?"

"ಹೂಂ ಅಕ್ಕ."

"ಹಂಗಾದ್ರೆ ಸರಿ."

ಕೋರ್ಟಿನಿಂದ ಸಮನ್ಸ್ ಬಂದಾಗ ನಿಜ ಹೇಳಬೇಕು, ಆ ಪ್ರತಿಯನ್ನು ಕೊಡಬೇಕು ಎಂದುಕೊಂಡು ಕಾದೆ. ಮೊದಲೇ ಹೋಗಿ ಕೊಡಬಹುದಿತ್ತು. ಕೊಡಲಿಲ್ಲ.

ಐದು ತಿಂಗಳಾದ ಮೇಲೆ ಅಕ್ಕ ಬೆಳಿಗ್ಗೆ ಒಲೆಯ ಮುಂದೆ ಕುಸಿದು ತೀರಿಕೊಂಡಳು. ಮಲಗಿಸಿದ್ದಾಗ ಕೈ ನೋಡಿದೆ. ಹೆಬ್ಬೆರಳಿನ ಗಟ್ಟಿ ಚರ್ಮ ಹೋಗಿ ಮೆತ್ತಗಾಗಿತ್ತು.

ಆರೋಪಿಯೇ ಇಲ್ಲವಾದ ಮೇಲೆ ಕೇಸೂ ಮುಗಿಯುತ್ತದೆ, ಸಾಕ್ಷಿ ಬೇಕಾಗುವುದಿಲ್ಲ ಎಂದರು ವಕೀಲರು.

ಪ್ರತಿ ಇನ್ನೂ ಡ್ರಾಯರಿನಲ್ಲಿದೆ. ಷರತ್ತಿನ ಸಾಲನ್ನು ಸ್ಪಷ್ಟವಾಗಿ ಓದಬಹುದು. ಅವು ಜೂಜಿನ ಯಂತ್ರಗಳಾಗಿರಲಿಲ್ಲ. ಅಕ್ಕ ಯಾರಿಂದಲೂ ಜೂಜಾಡಿಸಲಿಲ್ಲ. ಇದನ್ನು ಬರೆದು, ಎರಡು ಸಲ ಓದಿ ನೋಡಿದ್ದೇನೆ.